ಹಡಗು ಹತ್ತಿಸಿದ ಸಾಲ: ಜಮ್‌ಷೆಡ್‌ಜಿ ಟಾಟಾ

ಟಾಟಾ ಅಂದ್ರೆ ನಮ್ಮ ಕ್ಯಾಂಪಸ್ಸಿನಲ್ಲಿ ಮೊದಲು ನೆನಪಾಗೋದು ಪ್ಲೇಸ್‌ಮೆಂಟ್. ಟಿಸಿಎಸ್ ಈ ವರ್ಷ ಬರುತ್ತಾ, ಎಷ್ಟು ಜನರನ್ನು ತಗೊಳ್ಳುತ್ತೆ, ಪ್ಯಾಕೇಜ್ ಎಷ್ಟು ಅನ್ನೋ ಮಾತು. ಅದು ಬಿಟ್ಟರೆ ಉಪ್ಪು, ಟೀ ಪುಡಿ, ಕಾರು, ಲಾರಿ. ಇಷ್ಟಕ್ಕೆಲ್ಲ ಬೀಜ ಹಾಕಿದ ಮನುಷ್ಯ ತೀರಿಕೊಂಡಿದ್ದು 1904ರಲ್ಲಿ. ಅವರ ಬಗ್ಗೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರೋದು ಸ್ಕೂಲ್ ಪುಸ್ತಕದ ಒಂದು ಪ್ಯಾರಾ ಅಷ್ಟೇ: ಉಕ್ಕಿನ ಕಾರ್ಖಾನೆಯ ಕನಸು ಕಂಡರು, ತಾಜ್ ಹೋಟೆಲ್ ಕಟ್ಟಿಸಿದರು, ಮುಗೀತು. ಆದರೆ ಉಕ್ಕಿಗೂ ತಾಜ್ ಹೋಟೆಲಿಗೂ ಮೊದಲೇ ಅವರು ಇನ್ನೊಂದು ಕೆಲಸ ಮಾಡಿದ್ದರು. ಓದಬಲ್ಲ ಹುಡುಗ ಹುಡುಗಿಯರನ್ನು ಹೊರದೇಶಕ್ಕೆ ಕಳಿಸೋಕೆ ಒಂದು ನಿಧಿ ಕಟ್ಟಿದ್ದರು. ಅದು ಇವತ್ತಿಗೂ ನಡೀತಾ ಇದೆ.

ನಾವು ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಕಡೆಯವರು. ಓದೋಕೆ ಅಂತ ಬೆಂಗಳೂರಿಗೆ ಬರೋದೇ ನಮ್ಮ ತಾತಂದಿರ ಕಾಲದಲ್ಲಿ ದೊಡ್ಡ ವಿಷಯ. ಈಗ ಪಕ್ಕದ ದೇವನಹಳ್ಳಿ ತಾಲ್ಲೂಕಿನಲ್ಲೇ ವಿಮಾನ ನಿಲ್ದಾಣ ಇದೆ, ಎಂಎಸ್ ಅನ್ನೋ ಪದ ಊರಿನ ಮದುವೆ ಮನೆಗಳಲ್ಲೂ ಕೇಳಿಸುತ್ತೆ. ಆದರೆ ಮಾತು ಕೊನೆಗೆ ಬಂದು ನಿಲ್ಲೋದು ಒಂದೇ ಕಡೆ. ದುಡ್ಡು ಎಲ್ಲಿಂದ? ಬ್ಯಾಂಕಿಗೆ ಯಾವ ಜಮೀನಿನ ಪತ್ರ ಕೊಡೋದು? ಅಲ್ಲಿಗೆ ಹೋದವನು ವಾಪಸ್ ಬರ್ತಾನಾ? ಈ ಪ್ರಶ್ನೆಗಳೆಲ್ಲ ನಮ್ಮ ಕಾಲದಲ್ಲಿ ಹುಟ್ಟಿದವಲ್ಲ. 130 ವರ್ಷಕ್ಕೂ ಹಿಂದೆ ಒಬ್ಬ ವ್ಯಾಪಾರಿ ಇವುಗಳನ್ನೇ ಯೋಚನೆ ಮಾಡಿ ತನ್ನದೇ ಉತ್ತರ ಹುಡುಕಿದ. ಆದ್ದರಿಂದ ಅವರ ಕಥೆ ನಮಗೂ ಬೇಕಾದ ಕಥೆ.

ನವಸಾರಿಯಿಂದ ಮುಂಬಯಿಗೆ

ಜಮ್‌ಷೆಡ್‌ಜಿ ನುಸರ್‌ವಾನ್‌ಜಿ ಟಾಟಾ ಹುಟ್ಟಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯಲ್ಲಿ. ಅವರದು ಪಾರ್ಸಿ ಪುರೋಹಿತರ ಮನೆತನ. ತಲೆತಲಾಂತರದಿಂದ ಪೂಜೆ ಮಾಡಿಸೋದೇ ಕಸುಬು. ಆ ದಾರಿ ಬಿಟ್ಟು ಮುಂಬಯಿಗೆ ಹೋಗಿ ವ್ಯಾಪಾರಕ್ಕೆ ಇಳಿದವರು ತಂದೆ ನುಸರ್‌ವಾನ್‌ಜಿ. ಹದಿಹರೆಯದಲ್ಲಿ ಮಗನೂ ಮುಂಬಯಿಗೆ ಬಂದು ಎಲ್ಫಿನ್‌ಸ್ಟನ್ ಕಾಲೇಜು ಸೇರಿದ. ಅಲ್ಲಿ ಓದು ಮುಗಿಸಿದ್ದು 1858ರಲ್ಲಿ, ನಮಗಿಂತ ಹೆಚ್ಚೇನೂ ದೊಡ್ಡ ವಯಸ್ಸಲ್ಲ.

ಮಾರನೇ ವರ್ಷವೇ ತಂದೆ ಅವರನ್ನು ಹಾಂಗ್‌ಕಾಂಗಿಗೆ ಕಳಿಸಿದರು. ಇಲ್ಲಿಂದ ಹತ್ತಿ ಮತ್ತು ಅಫೀಮು ಅಲ್ಲಿಗೆ, ಅಲ್ಲಿಂದ ಟೀ, ರೇಷ್ಮೆ, ಕರ್ಪೂರ ಇಲ್ಲಿಗೆ. ಅಫೀಮಿನ ವ್ಯಾಪಾರ ಆಗ ಕಾನೂನಿಗೆ ವಿರುದ್ಧವಾಗಿರಲಿಲ್ಲ. ಮುಂಬಯಿಯ ದೊಡ್ಡ ವ್ಯಾಪಾರಿಗಳು ಎಷ್ಟೋ ಜನ ಅದರಲ್ಲಿದ್ದರು. ಆದರೂ ಅದು ಹೊಗಳುವಂಥ ವ್ಯಾಪಾರ ಅಲ್ಲ. ದೊಡ್ಡವರ ಕಥೆ ಹೇಳುವಾಗ ಇಂಥದ್ದನ್ನು ಬಿಟ್ಟುಬಿಡೋದು ವಾಡಿಕೆ. ನಾವು ಬಿಡೋದಿಲ್ಲ.

ಅಷ್ಟರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು. 1861ರಿಂದ 1865ರವರೆಗೆ ಅಮೆರಿಕದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸರಿಯಾಗಿ ಬರಲಿಲ್ಲ, ನಮ್ಮ ಹತ್ತಿಗೆ ಚಿನ್ನದ ಬೆಲೆ ಬಂತು. ಮುಂಬಯಿ ಪೂರ್ತಿ ಹುಚ್ಚೆದ್ದು ಷೇರು ಕೊಂಡಿತು. ಅಲ್ಲಿ ಒಂದು ಭಾರತೀಯ ಬ್ಯಾಂಕ್ ತೆರೆಯೋ ಉದ್ದೇಶ ಇಟ್ಟುಕೊಂಡು, ಹತ್ತಿಯ ಹುಂಡಿಗಳನ್ನು ಹಿಡಿದು ಟಾಟಾ ಲಂಡನ್ನಿಗೆ ಹೋದರು. 1865ರಲ್ಲಿ ಯುದ್ಧ ನಿಂತಿತು, ಹತ್ತಿ ಬೆಲೆ ಪಾತಾಳಕ್ಕೆ ಬಿತ್ತು, ಕೈಲಿದ್ದ ಹುಂಡಿಗಳು ಬರೀ ಕಾಗದ ಆದವು. ಇಪ್ಪತ್ತೈದರ ಆಸುಪಾಸಿನ ಹುಡುಗ, ಪರದೇಶದಲ್ಲಿ, ತಲೆ ಮೇಲೆ ಮನೆತನದ ಸಾಲ. ಅವರು ಓಡಿಹೋಗಲಿಲ್ಲ. ಸಾಲ ಕೊಟ್ಟವರ ಮುಂದೆ ಕೂತು ಲೆಕ್ಕವನ್ನೆಲ್ಲ ಬಿಚ್ಚಿಟ್ಟರು. ಆ ನೇರ ನಡತೆ ನೋಡಿ, ಅವರದೇ ವ್ಯವಹಾರದ ಲೆಕ್ಕ ತೀರಿಸುವ ಕೆಲಸವನ್ನು ತಿಂಗಳ ಸಂಬಳದ ಮೇಲೆ ಅವರಿಗೇ ಒಪ್ಪಿಸಿದರು.

ಮುಂದೆ ಅವರು ಕಟ್ಟಿದ ನಿಧಿ ಯಾಕೆ ದಾನ ಆಗದೆ ಸಾಲ ಆಯಿತು ಅಂತ ಯೋಚಿಸುವಾಗ ನಮಗೆ ಈ ಘಟನೆ ನೆನಪಾಗುತ್ತೆ. ಸಾಲ ಅಂದರೆ ಅವಮಾನ ಅಂತ ಅವರಿಗೆ ಅನ್ನಿಸಿರಲಿಕ್ಕಿಲ್ಲ. ನಂಬಿಕೆ ಇದ್ದರೆ ಸಾಲದಿಂದಲೂ ಮನುಷ್ಯ ಎದ್ದು ನಿಲ್ತಾನೆ ಅನ್ನೋದನ್ನು ಅವರು ಸ್ವಂತ ಅನುಭವದಿಂದಲೇ ಕಂಡಿದ್ದರು.

ಗಿರಣಿ ಮತ್ತು ಇಂಜಿನಿಯರಿಂಗ್

1868ರಲ್ಲಿ 21,000 ರೂಪಾಯಿ ಬಂಡವಾಳದಲ್ಲಿ ಟಾಟಾ ತಮ್ಮದೇ ವ್ಯಾಪಾರ ಸಂಸ್ಥೆ ತೆರೆದರು. ಮಾರನೇ ವರ್ಷ ಮುಂಬಯಿಯ ಚಿಂಚ್‌ಪೋಕ್ಳಿಯಲ್ಲಿ ದಿವಾಳಿಯಾಗಿದ್ದ ಒಂದು ಎಣ್ಣೆ ಗಿರಣಿಯನ್ನು ಕೊಂಡು ಹತ್ತಿ ಗಿರಣಿ ಮಾಡಿ, ಎರಡು ವರ್ಷದಲ್ಲಿ ಲಾಭಕ್ಕೆ ಮಾರಿದರು. ಆಮೇಲೆ ಲ್ಯಾಂಕಾಷೈರಿಗೆ ಹೋಗಿ ಗಿರಣಿಗಳು ಹೇಗೆ ನಡೆಯುತ್ತವೆ ಅಂತ ಹತ್ತಿರದಿಂದ ನೋಡಿ ಬಂದರು.

ಎಲ್ಲರೂ ಮುಂಬಯಿಯಲ್ಲೇ ಗಿರಣಿ ಹಾಕುತ್ತಿದ್ದಾಗ ಅವರು ಆರಿಸಿಕೊಂಡದ್ದು ನಾಗಪುರ. ಹತ್ತಿ ಬೆಳೆಯೋದು ಅಲ್ಲಿ, ಕಲ್ಲಿದ್ದಲು ಅಲ್ಲಿಗೆ ಹತ್ತಿರ, ಮತ್ತೆ ಗಿರಣಿ ಮಾತ್ರ ಯಾಕೆ ಸಮುದ್ರದ ದಡದಲ್ಲಿ ಇರಬೇಕು ಅನ್ನೋದು ಲೆಕ್ಕ. ಈಗ ಕೇಳಿದರೆ ಸರಳ ಅನ್ನಿಸುತ್ತೆ, ಆಗ ಬಹಳ ಜನಕ್ಕೆ ಇದು ಹೊಳೆದಿರಲಿಲ್ಲ. 1877ರ ಜನವರಿ 1ರಂದು ಎಂಪ್ರೆಸ್ ಮಿಲ್ಸ್ ಶುರುವಾಯ್ತು. ಹೊಸದಾಗಿ ಬಂದಿದ್ದ ರಿಂಗ್ ಸ್ಪಿಂಡಲ್‌ಗಳನ್ನು ಇಂಗ್ಲೆಂಡಿನ ಗಿರಣಿಗಳೇ ಅನುಮಾನದಿಂದ ನೋಡುತ್ತಿದ್ದಾಗ ಟಾಟಾ ತರಿಸಿ, ಪರೀಕ್ಷೆ ಮಾಡಿ, ಹಾಕಿಸಿದರು. ಗಿರಣಿಯೊಳಗಿನ ಧೂಳು ಮತ್ತು ಸೆಕೆಗೆ ಗಾಳಿ ಮತ್ತು ತೇವಾಂಶದ ವ್ಯವಸ್ಥೆ, ಬೆಂಕಿ ಆರಿಸೋಕೆ ಸ್ಪ್ರಿಂಕ್ಲರ್, 1886ರಲ್ಲಿ ಕೆಲಸಗಾರರಿಗೆ ಪಿಂಚಣಿ ನಿಧಿ, 1895ರಲ್ಲಿ ಅಪಘಾತ ಪರಿಹಾರ. ಇವೆಲ್ಲ ಕಾನೂನು ಹೇಳಿದ ಮೇಲೆ ಮಾಡಿದ್ದಲ್ಲ, ಅಂಥ ಕಾನೂನೇ ಇನ್ನೂ ಇರಲಿಲ್ಲ.

ಆದರೆ ಗಿರಣಿ ನಡೆಸುವಾಗ ಒಂದು ಕೊರತೆ ಎದ್ದು ಕಾಣ್ತಿತ್ತು. ಮೆಷಿನ್ ಇಂಗ್ಲೆಂಡಿನದು. ಅದನ್ನು ಜೋಡಿಸಿ ರಿಪೇರಿ ಮಾಡೋ ಇಂಜಿನಿಯರ್ ಇಂಗ್ಲೆಂಡಿನವರು. ಸರ್ಕಾರದ ಮೇಲಿನ ಹುದ್ದೆಗಳಲ್ಲೂ ಅವರೇ. ಐಸಿಎಸ್ ಪರೀಕ್ಷೆ ಬರೀಬೇಕಾದರೆ ಲಂಡನ್ನಿಗೇ ಹೋಗಬೇಕಿತ್ತು, ಭಾರತದಲ್ಲಿ ಕೇಂದ್ರವೇ ಇರಲಿಲ್ಲ. ನಮ್ಮ ಹುಡುಗರಲ್ಲಿ ತಲೆ ಇರಲಿಲ್ಲ ಅಂತಲ್ಲ. ಹಡಗಿನ ಟಿಕೆಟ್ಟಿಗೆ, ಅಲ್ಲಿನ ಫೀಸಿಗೆ, ಊಟಕ್ಕೆ ದುಡ್ಡಿರಲಿಲ್ಲ.

1892ರ ನಿಧಿ

ಈ ಕೊರತೆ ತುಂಬೋಕೆ 1892ರಲ್ಲಿ ಜೆ.ಎನ್. ಟಾಟಾ ಎಂಡೋಮೆಂಟ್ ಹುಟ್ಟಿತು. ಆಗ ಟಾಟಾ ಅವರಿಗೆ 53 ವರ್ಷ. ನಿಧಿಯ ನಿಯಮ ಸರಳ. ಚೆನ್ನಾಗಿ ಓದುವವರನ್ನು ಆರಿಸಿ ಹೊರದೇಶದಲ್ಲಿ ಉನ್ನತ ಶಿಕ್ಷಣಕ್ಕೆ ಹಣ ಕೊಡೋದು. ಅದು ಸಾಲ. ಓದು ಮುಗಿಸಿ ಸಂಪಾದನೆ ಶುರುವಾದ ಮೇಲೆ ವಾಪಸ್ ಕಟ್ಟಬೇಕು.

ಇಲ್ಲಿ ಸ್ವಲ್ಪ ನಿಂತು ನೋಡೋಣ. ಟಾಟಾ ಮನಸ್ಸು ಮಾಡಿದ್ದರೆ ದಾನವಾಗಿಯೇ ಕೊಡಬಹುದಿತ್ತು, ಹೆಸರೂ ಬರ್ತಿತ್ತು. ದಾನ ಕೊಟ್ಟ ದುಡ್ಡು ಒಬ್ಬರನ್ನು ಓದಿಸಿ ಮುಗಿದುಹೋಗುತ್ತೆ. ವಾಪಸ್ ಬರೋ ದುಡ್ಡು ಇನ್ನೊಬ್ಬರನ್ನು ಕಳಿಸುತ್ತೆ, ಅವರಿಂದ ಮತ್ತೊಬ್ಬರನ್ನು. ನಮ್ಮ ಊರುಗಳಲ್ಲಿ ಸಂಘದ ಹೆಂಗಸರು ಮಾಡೋದೂ ಇದೇ. ಒಬ್ಬರು ಕಟ್ಟಿದರೆ ಇನ್ನೊಬ್ಬರ ಕೈಗೆ ಸಾಲ ಸಿಗುತ್ತೆ, ಒಬ್ಬರು ಕಟ್ಟದಿದ್ದರೆ ಸಾಲಿನಲ್ಲಿ ಕಾಯ್ತಾ ಇರೋರಿಗೆ ತೊಂದರೆ. ಇನ್ನೂ ಒಂದು ವಿಷಯ ಇದೆ. ಸಾಲ ತೀರಿಸಿದ ಮೇಲೆ ಓದಿದ ಹುಡುಗ ಯಾರ ಹಂಗಿನಲ್ಲೂ ಇರೋದಿಲ್ಲ. ಕೊಟ್ಟವರ ಮನೆ ಮುಂದೆ ಕೈಕಟ್ಟಿ ನಿಲ್ಲಬೇಕಾಗಿಲ್ಲ.

ನಿಧಿಯ ಮೊದಲ ಫಲಾನುಭವಿಗಳು ಯಾರು ಅಂತ ತಿಳಿದಾಗ ನಮಗೆ ಆಶ್ಚರ್ಯ ಆಯ್ತು. ಇಬ್ಬರೂ ಮಹಿಳೆಯರು, ಇಬ್ಬರೂ ಡಾಕ್ಟರು: ಫ್ರೇನಿ ಕಾಮಾ ಮತ್ತು ಕೃಷ್ಣಾಬಾಯಿ ಕೇಳವ್ಕರ್. ಹೆಣ್ಣುಮಕ್ಕಳು ಸ್ಕೂಲಿಗೆ ಹೋಗೋದೇ ಅಪರೂಪವಾಗಿದ್ದ ಕಾಲ ಅದು. ಸಮುದ್ರ ದಾಟಿದರೆ ಜಾತಿ ಕೆಡುತ್ತೆ ಅಂತ ಗಂಡಸರಿಗೇ ಬಹಿಷ್ಕಾರ ಹಾಕುತ್ತಿದ್ದರು. ಅಂಥ ಕಾಲದಲ್ಲಿ ಹೊಸ ನಿಧಿ ನಂಬಿ ದುಡ್ಡು ಹಾಕಿದ್ದು ಇಬ್ಬರು ಹೆಣ್ಣುಮಕ್ಕಳ ಮೇಲೆ.

ನಿಧಿಗೆ ಶುರುವಿನಲ್ಲಿ ಒಂದು ಮಿತಿಯೂ ಇತ್ತು. ಅದು ಪಾರ್ಸಿಗಳಿಗೆ ಮಾತ್ರ ಅಂತ ಇತ್ತು. ಎರಡು ವರ್ಷದಲ್ಲಿ, 1894ರಲ್ಲಿ, ಆ ಬೇಲಿ ತೆಗೆದು ಎಲ್ಲ ಭಾರತೀಯರಿಗೂ ತೆರೆದರು. ಆ ಕಾಲದ ಎಷ್ಟೋ ವಿದ್ಯಾರ್ಥಿ ನಿಧಿಗಳು, ಹಾಸ್ಟೆಲ್‌ಗಳು ಒಂದೊಂದು ಸಮುದಾಯದವು. ತಮ್ಮವರಿಗೆ ಮಾಡಿಕೊಳ್ಳೋದು ತಪ್ಪಲ್ಲ. ಆದರೆ ಬಾಗಿಲು ತೆಗೆದ ಮೇಲೆ ಏನಾಯ್ತು ನೋಡಿ. 1924ರ ಹೊತ್ತಿಗೆ ಐಸಿಎಸ್ ಸೇರಿದ ಪ್ರತಿ ಐದು ಭಾರತೀಯರಲ್ಲಿ ಇಬ್ಬರು ಟಾಟಾ ಸ್ಕಾಲರ್‌ಗಳು ಅನ್ನೋದು ಲೆಕ್ಕ.

ಕಳಿಸೋದು ಸಾಕಾಗಲ್ಲ

ನಿಧಿ ಕಟ್ಟಿದ ಮೇಲೆ ಟಾಟಾ ಸುಮ್ಮನೆ ಕೂರಲಿಲ್ಲ. ವರ್ಷಕ್ಕೆ ಬೆರಳೆಣಿಕೆಯಷ್ಟು ಜನರನ್ನು ಹಡಗು ಹತ್ತಿಸಬಹುದು. ಇಷ್ಟು ದೊಡ್ಡ ದೇಶಕ್ಕೆ ಅದು ಯಾವ ಮೂಲೆಗೆ ಸಾಕು? ಹುಡುಗರು ಅಲ್ಲಿಗೆ ಹೋಗೋ ಬದಲು ಅಲ್ಲಿನ ವಿದ್ಯೆಯೇ ಇಲ್ಲಿಗೆ ಬಂದರೆ?

1893ರಲ್ಲಿ ಅವರು ಜಪಾನಿಗೆ ಹೋಗಿದ್ದರು. ಅಲ್ಲಿಂದ ಅಮೆರಿಕದ ಕಡೆ ಹೊರಟ ಹಡಗಿನಲ್ಲಿ ಅವರ ಜೊತೆ ಪ್ರಯಾಣಿಕರಾಗಿ ಇದ್ದವರು ಸ್ವಾಮಿ ವಿವೇಕಾನಂದ. ಇನ್ನೂ ಹೆಸರಾಗದ ಸನ್ಯಾಸಿ, ಶಿಕಾಗೊ ಭಾಷಣಕ್ಕೆ ಕೆಲವೇ ವಾರ ಬಾಕಿ. 1898ರ ನವೆಂಬರಿನಲ್ಲಿ ಟಾಟಾ ಆ ಭೇಟಿಯನ್ನು ನೆನೆದು ವಿವೇಕಾನಂದರಿಗೆ ಪತ್ರ ಬರೆದು, ತಾವು ಕಟ್ಟಬೇಕೆಂದಿರುವ ಸಂಶೋಧನಾ ಸಂಸ್ಥೆಗೆ ಬೆಂಬಲ ಕೇಳಿದರು.

ಅಷ್ಟು ಹೊತ್ತಿಗೆ ತಯಾರಿ ನಡೆದಿತ್ತು. ಅವರ ಆಪ್ತ ಬರ್ಜೋರ್ಜಿ ಪಾದಶಾ ಯುರೋಪ್, ಅಮೆರಿಕ ಸುತ್ತಿ ಅಲ್ಲಿನ ವಿಶ್ವವಿದ್ಯಾಲಯಗಳು ಹೇಗೆ ನಡೆಯುತ್ತವೆ ಅಂತ ನೋಡಿ ಬಂದಿದ್ದರು. ಟಾಟಾ ತಮ್ಮ ಆಸ್ತಿಯಲ್ಲಿ 30 ಲಕ್ಷ ರೂಪಾಯಿ ಬೆಲೆಯ ಕಟ್ಟಡ, ಜಮೀನುಗಳನ್ನು ಇದಕ್ಕೆ ಅಂತ ಎತ್ತಿಟ್ಟರು. ಅದು ಅವರ ಸಂಪತ್ತಿನ ಸುಮಾರು ಅರ್ಧ. 1898ರ ಡಿಸೆಂಬರ್ 31ರಂದು, ಹೊಸದಾಗಿ ಬಂದಿಳಿದ ವೈಸರಾಯ್ ಕರ್ಜನ್ ಮುಂದೆ ಯೋಜನೆ ಇಟ್ಟರು. ಕರ್ಜನ್‌ಗೆ ಉತ್ಸಾಹ ಇರಲಿಲ್ಲ. ಇಷ್ಟು ಮೇಲಿನ ಓದಿಗೆ ಇಲ್ಲಿ ವಿದ್ಯಾರ್ಥಿಗಳು ಸಿಗ್ತಾರಾ, ಓದಿದವರಿಗೆ ಕೆಲಸ ಎಲ್ಲಿದೆ ಅನ್ನೋ ಅನುಮಾನ. ಪ್ಲೇಸ್‌ಮೆಂಟ್ ಪ್ರಶ್ನೆ ಆಗಲೇ ಶುರುವಾಗಿತ್ತು ಅನ್ನಿ.

ಬೆಂಗಳೂರು ಸಿಕ್ಕಿದ್ದು

ಈಗ ಕಥೆ ನಮ್ಮ ಕಡೆ ತಿರುಗುತ್ತೆ. ಟಾಟಾ ಅವರಿಗೆ ಮೈಸೂರು ಸಂಸ್ಥಾನ ಹೊಸದಲ್ಲ. ಜಪಾನಿನಲ್ಲಿ ರೇಷ್ಮೆ ಹುಳು ಸಾಕುವ ಹೊಸ ವಿಧಾನ ನೋಡಿ, ಅಲ್ಲಿನ ತಜ್ಞರನ್ನು ಕರೆಸಿ, ಬೆಂಗಳೂರಿನಲ್ಲಿ ಒಂದು ರೇಷ್ಮೆ ತೋಟ ಮಾಡಿಸಿದ್ದರು. ಅದಕ್ಕೆ ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರದ ಸಹಾಯ ಇತ್ತು. ಬಸವನಗುಡಿಯ ಪಕ್ಕ ಟಾಟಾ ಸಿಲ್ಕ್ ಫಾರ್ಮ್ ಅಂತ ಬಡಾವಣೆಗೆ ಹೆಸರು ಉಳಿದಿದೆ. ದೊಡ್ಡಬಳ್ಳಾಪುರದ ಮಗ್ಗದ ಸದ್ದು ಕೇಳಿ ಬೆಳೆದ ನಮಗೆ ರೇಷ್ಮೆಯ ಈ ಎಳೆ ಹತ್ತಿರದ್ದು ಅನ್ನಿಸುತ್ತೆ. ಹೊರಗಿನ ವಿದ್ಯೆಯನ್ನು ಒಳಗೆ ತರೋದು ಅಂದರೆ ಏನು ಅಂತ ಅವರು ಮೊದಲು ಹಿಪ್ಪುನೇರಳೆ ಸೊಪ್ಪಿನ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು.

ಸಂಶೋಧನಾ ಸಂಸ್ಥೆಗೆ ಜಾಗ ಹುಡುಕೋಕೆ 1900ರಲ್ಲಿ ಇಂಗ್ಲೆಂಡಿನಿಂದ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ಬಂದರು. ಆರ್ಗಾನ್, ನಿಯಾನ್ ಅಂತ ಪೀರಿಯಾಡಿಕ್ ಟೇಬಲ್ಲಿನಲ್ಲಿ ನಾವು ಓದಿದೆವಲ್ಲ, ಅವನ್ನು ಕಂಡುಹಿಡಿದವರಲ್ಲಿ ಒಬ್ಬರು ಅವರೇ. ದೇಶ ಸುತ್ತಿ ನೋಡಿ ಅವರು ಬೆಂಗಳೂರು ಆಗಬಹುದು ಅಂದರು. ಹವೆ ಒಳ್ಳೆಯದಿತ್ತು, ಜೊತೆಗೆ ಮೈಸೂರು ಸರ್ಕಾರದ ಕೈ ಧಾರಾಳವಾಗಿತ್ತು. ಆಗ ಮಹಾರಾಜರು ಇನ್ನೂ ಚಿಕ್ಕವರು, ರಾಜ್ಯ ನೋಡಿಕೊಳ್ಳುತ್ತಿದ್ದವರು ತಾಯಿ ವಾಣಿವಿಲಾಸ ಸನ್ನಿಧಾನ. ಶೇಷಾದ್ರಿ ಅಯ್ಯರ್ ಅವರದು ಶಿವನಸಮುದ್ರದಲ್ಲಿ ವಿದ್ಯುತ್ ಯೋಜನೆ ಕೈಗೆತ್ತಿಕೊಂಡಿದ್ದ ಸರ್ಕಾರ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ವಿಜ್ಞಾನಕ್ಕೆ ದುಡ್ಡು ಹಾಕೋದರ ಬೆಲೆ ಗೊತ್ತಿದ್ದ ಜನ ಇವರು.

ಆದರೆ ಟಾಟಾ ಇದ್ಯಾವುದನ್ನೂ ಕಣ್ಣಲ್ಲಿ ನೋಡಲಿಲ್ಲ. ಶೇಷಾದ್ರಿ ಅಯ್ಯರ್ 1901ರಲ್ಲಿ ತೀರಿಕೊಂಡರು. ಸರ್ಕಾರದ ಕಡತ ಕೋಲ್ಕತ್ತ, ಸಿಮ್ಲಾ, ಲಂಡನ್ ಅಂತ ಓಡಾಡ್ತಾ ಇತ್ತು. ಸಮಿತಿ ಮೇಲೆ ಸಮಿತಿ. 1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್ ಎಂಬ ಊರಿನಲ್ಲಿ, 65ನೇ ವಯಸ್ಸಿನಲ್ಲಿ, ಟಾಟಾ ಕಣ್ಣು ಮುಚ್ಚಿದರು. ಅವರ ಸಮಾಧಿ ಇರೋದು ಇಂಗ್ಲೆಂಡಿನ ಬ್ರೂಕ್‌ವುಡ್‌ನಲ್ಲಿ. ಅವರ ದೊಡ್ಡ ಮೂರು ಕನಸುಗಳಾದ ಉಕ್ಕು, ಜಲವಿದ್ಯುತ್, ವಿಜ್ಞಾನ ಸಂಸ್ಥೆ ಆ ದಿನಕ್ಕೆ ಕಾಗದದ ಮೇಲೇ ಇದ್ದವು.

ಮಕ್ಕಳಾದ ದೊರಾಬ್‌ಜಿ ಮತ್ತು ರತನ್‌ಜಿ ತಂದೆಯ ಮಾತು ಉಳಿಸಿದರು. ಆಸ್ತಿ ನಮ್ಮದು ಅಂತ ಹಿಂದೆ ಸರಿಯಲಿಲ್ಲ. 1907ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸರ್ಕಾರ 371 ಎಕರೆ ಜಮೀನು ಕೊಟ್ಟಿತು, ವರ್ಷಕ್ಕೆ 50,000 ರೂಪಾಯಿಯನ್ನೂ ಕೊಡೋಕೆ ಒಪ್ಪಿತು. 1909ರ ಮೇ ತಿಂಗಳಲ್ಲಿ ಸಂಸ್ಥೆ ಅಧಿಕೃತವಾಗಿ ಹುಟ್ಟಿತು. 1911ರ ಜುಲೈನಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು. ರಸಾಯನ ವಿಜ್ಞಾನ ಮತ್ತು ಎಲೆಕ್ಟ್ರಿಕಲ್ ಟೆಕ್ನಾಲಜಿ ಮೊದಲ ವಿಭಾಗಗಳಲ್ಲಿ ಸೇರಿದ್ದವು.

ಅದೇ ಇವತ್ತಿನ ಐಐಎಸ್‌ಸಿ. ತಮ್ಮ ಹೆಸರು ಅದಕ್ಕೆ ಇಡಬಾರದು ಅಂತ ಟಾಟಾ ಬಯಸಿದ್ದರು, ಹಾಗೇ ಇಟ್ಟಿಲ್ಲ. ಆದರೆ ಊರಿನ ಬಾಯಿ ಯಾರ ಮಾತು ಕೇಳುತ್ತೆ? ಬೆಂಗಳೂರಿನ ಹಳಬರಿಗೆ ಅದು ಟಾಟಾ ಇನ್‌ಸ್ಟಿಟ್ಯೂಟೇ. ದೊಡ್ಡಬಳ್ಳಾಪುರದಿಂದ ಯಲಹಂಕ, ಹೆಬ್ಬಾಳ ದಾಟಿ ಮೇಖ್ರಿ ಸರ್ಕಲ್‌ಗೆ ಬರೋ ಬಸ್ಸಿನವರು ಅದರ ಹತ್ತಿರವೇ ಹಾದು ಹೋಗ್ತಾರೆ.

ಸಂಸ್ಥೆ ಕಟ್ಟಿದ ಮಾತ್ರಕ್ಕೆ ಎಲ್ಲ ಬಾಗಿಲೂ ತೆರೆಯಲಿಲ್ಲ. 1933ರಲ್ಲಿ ಕಮಲಾ ಸೊಹೊನಿ ಅಲ್ಲಿ ಸೀಟು ಕೇಳಿದಾಗ, ಹೆಣ್ಣು ಅನ್ನೋ ಕಾರಣಕ್ಕೆ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಮೊದಲು ಒಪ್ಪಲಿಲ್ಲ. ಪಟ್ಟು ಹಿಡಿದ ಮೇಲೆ ಒಂದು ವರ್ಷ ಪರೀಕ್ಷೆಯ ಮೇಲೆ ಸೇರಿಸಿಕೊಂಡರು. ಆಕೆ ಮುಂದೆ ಕೇಂಬ್ರಿಡ್ಜಿಗೆ ಹೋಗಿ 1939ರಲ್ಲಿ ಪಿಎಚ್‌ಡಿ ಪಡೆದರು. ಟಾಟಾ ನಿಧಿಯ ಮೊದಲ ಇಬ್ಬರು ಸ್ಕಾಲರ್‌ಗಳು ಹೆಣ್ಣುಮಕ್ಕಳು, ಟಾಟಾ ಕನಸಿನ ಸಂಸ್ಥೆಯಲ್ಲಿ ನಲವತ್ತು ವರ್ಷ ಆದ ಮೇಲೂ ಹೆಣ್ಣುಮಗಳು ಬಾಗಿಲು ಬಡಿಯಬೇಕಾಯ್ತು. ಇದನ್ನೂ ಸೇರಿಸಿಯೇ ನಾವು ಇತಿಹಾಸ ಓದಬೇಕು.

ಹೋದವರು, ಬಂದವರು

ನಿಧಿಯ ಕಥೆ ಟಾಟಾ ಅವರ ಜೊತೆ ಮುಗಿಯಲಿಲ್ಲ. ಸಾಸಲಿನಿಂದ ಪಶ್ಚಿಮಕ್ಕೆ ಹೋದರೆ ತುಮಕೂರು ಜಿಲ್ಲೆ. ಆ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ 1940ರ ದಶಕದಲ್ಲಿ ಟಾಟಾ ಸ್ಕಾಲರ್ ಆಗಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೋಗಿ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿದರು. ವಾಪಸ್ ಬಂದು ದೇಶದ ಅಣು ವಿಜ್ಞಾನಕ್ಕೆ ಬೆನ್ನೆಲುಬಾದರು. ಕೊನೆಯ ವರ್ಷಗಳಲ್ಲಿ ಐಐಎಸ್‌ಸಿ ಆವರಣದಲ್ಲೇ ಇನ್ನೊಂದು ಸಂಸ್ಥೆ, ಎನ್‌ಐಎಎಸ್, ಅದರ ಮೊದಲ ನಿರ್ದೇಶಕರಾದರು. ಟಾಟಾ ಮಾಡಿದ ಎರಡು ಕೆಲಸಗಳೂ, ಕಳಿಸೋದೂ ಕಟ್ಟೋದೂ, ಒಬ್ಬ ಮನುಷ್ಯನ ಬದುಕಿನಲ್ಲಿ ಕೂಡಿಬಂದವು. ಅದೇ 1940ರ ದಶಕದಲ್ಲಿ ಕೇರಳದ ಬಡ ದಲಿತ ಕುಟುಂಬದ ಕೆ.ಆರ್. ನಾರಾಯಣನ್ ಇದೇ ನಿಧಿಯ ಸಹಾಯದಿಂದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದಿದರು. 1997ರಲ್ಲಿ ಅವರು ರಾಷ್ಟ್ರಪತಿ ಆದರು. 1894ರಲ್ಲಿ ತೆರೆದ ಬಾಗಿಲು ಎಲ್ಲಿಯವರೆಗೆ ತೆರೆದುಕೊಂಡಿತು ಅಂತ ಇದರಿಂದ ಗೊತ್ತಾಗುತ್ತೆ.

ನಮ್ಮ ಬ್ಯಾಚಿನಲ್ಲಿ ಈಗಾಗಲೇ ಕೆಲವರು ಜಿಆರ್‌ಇ ಪುಸ್ತಕ ಹಿಡಿದಿದ್ದಾರೆ. ಕೆಲವರು ಗೇಟ್ ಬರೆದು ಇಲ್ಲೇ ಓದಬೇಕು ಅಂತಿದ್ದಾರೆ. ಹೋಗೋರು ದೇಶ ಬಿಟ್ಟರು ಅಂತ ಬೈಯೋದು, ಇರೋರಿಗೆ ಧೈರ್ಯ ಇಲ್ಲ ಅಂತ ನಗೋದು, ಎರಡೂ ಹಾಸ್ಟೆಲ್‌ನಲ್ಲಿ ದಿನಾ ನಡೆಯೋ ಜಗಳ. ಟಾಟಾ ಅವರ ಬದುಕು ನೋಡಿದರೆ ಈ ಜಗಳಕ್ಕೆ ಅರ್ಥ ಇಲ್ಲ ಅನ್ನಿಸುತ್ತೆ. ಅವರು ಹೋಗೋಕೆ ದುಡ್ಡು ಕೊಟ್ಟರು, ಹೋಗಬೇಕಾದ ಅಗತ್ಯವೇ ಇಲ್ಲದಂತೆ ಮಾಡೋಕೆ ಅರ್ಧ ಆಸ್ತಿ ಕೊಟ್ಟರು. ಎರಡೂ ಒಂದೇ ಕೆಲಸದ ಎರಡು ಕೈ.

ಅವರು ಕೇಳಿದ್ದು ಒಂದೇ, ತಗೊಂಡದ್ದು ತಿರುಗಿ ಬರಬೇಕು. ನಮ್ಮಲ್ಲಿ ಬಹಳ ಜನ ಓದ್ತಾ ಇರೋದು ಯಾರದೋ ಸಹಾಯದಿಂದಲೇ. ಸರ್ಕಾರದ ಸ್ಕಾಲರ್‌ಶಿಪ್, ಮಠದ ಹಾಸ್ಟೆಲ್, ಬ್ಯಾಂಕಿನ ಸಾಲ, ಅಣ್ಣನ ಸಂಬಳ, ಮಾರಿದ ಅರ್ಧ ಎಕರೆ. ಇದರಲ್ಲಿ ಎಷ್ಟೋ ಸಾಲಕ್ಕೆ ಪಾಸ್‌ಬುಕ್ ಇಲ್ಲ, ಕಟ್ಟಿ ಅಂತ ಯಾರೂ ನೋಟಿಸ್ ಕಳಿಸೋದಿಲ್ಲ. ಆದರೂ ನಮ್ಮ ಹಿಂದೆ ಸಾಲಿನಲ್ಲಿ ಇನ್ನೊಬ್ಬರು ನಿಂತಿರ್ತಾರೆ. ಮುಂದಿನ ಸಲ ಊರಿಗೆ ಹೋದಾಗ ಹತ್ತನೇ ಕ್ಲಾಸಿನ ಹುಡುಗನಿಗೆ ಟ್ರಿಗ್ನಾಮೆಟ್ರಿ ಹೇಳಿಕೊಟ್ಟರೂ, ಪಿಯುಸಿ ಹುಡುಗಿಗೆ ಸಿಇಟಿ ಅರ್ಜಿ ತುಂಬಿಸಿಕೊಟ್ಟರೂ, ಅದು ಒಂದು ಕಂತು. ಅಲ್ಲಿಂದಲೇ ಶುರು ಮಾಡೋಣ.